ಅಮೆರಿಕದ ಗೇಜಿಗೆ ಆಚಾರರ ತಿರುಪು

ದುಂಡಗಿನ ವಸ್ತು ಯಾವುದೇ ಕಂಡರೂ ಅದನ್ನು ಒಮ್ಮೆ ತಿರುಗಿಸಿ ನೋಡದೆ ಸೊಣ್ಣಪ್ಪನಿಗೆ ಸಮಾಧಾನವಿರುತ್ತಿರಲಿಲ್ಲ. ಹೋಟೆಲಿನಲ್ಲಿ ಕಾಫಿ ಲೋಟ ಕೈಗೆ ಬಂದರೆ ಕುಡಿಯುವ ಮುಂಚೆ ಮೇಜಿನ ಮೇಲೆ ಒಂದು ಸುತ್ತು ತಿರುಗಿಸುತ್ತಿದ್ದ. ನೆಂಟರ ಮನೆಗೆ ಹೋದರೆ ಬೀಸುಕಲ್ಲಿನ ಗೂಟ ಹಿಡಿದು ತಿರುಗಿಸಿ, "ಒಂದ್ ಕಡೆಗೆ ವಾಲ್ತದಲ್ಲ ಇದು" ಎನ್ನುತ್ತಿದ್ದ. ಹೆಂಡತಿ ಮುನಿರತ್ನಮ್ಮ ತಟ್ಟೆಗೆ ಹಾಕಿದ ರಾಗಿಮುದ್ದೆಯನ್ನೂ ಬಿಡುತ್ತಿರಲಿಲ್ಲ. "ಮುದ್ದೆ ಇರೋದು ನುಂಗೋಕೆ, ಪರೀಕ್ಷೆ ಮಾಡೋಕಲ್ಲ" ಎಂದು ಆಕೆ ಸಾರಿನ ಸೌಟು ಎತ್ತಿ ಹಿಡಿದ ಮೇಲೆಯೇ ಅವನ ಕೈ ನಿಲ್ಲುತ್ತಿತ್ತು.

ಅವನ ಊರು ದೊಡ್ಡಬೆಳವಂಗಲ. ಮನೆಗೆ ಹೊಲವಿತ್ತು, ಹೊಲದಲ್ಲಿ ಬಾವಿ ಇತ್ತು, ಬಾವಿಗೆ ಹೊಸದಾಗಿ ಪಂಪು ಬಂದಿತ್ತು. ಒಂದು ದಿನ ಆ ಪಂಪಿನ ಶಾಫ್ಟು ಮುರಿಯಿತು. ಅದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ದೊಡ್ಡಬಳ್ಳಾಪುರಕ್ಕೆ, ನೂರ್ ಅಹಮದ್ ಸಾಹೇಬರ ಲೇತ್ ಶೆಡ್ಡಿಗೆ ಬಂದ. ಅಲ್ಲಿ ತಿರುಗುವ ಕಬ್ಬಿಣದ ಮೈಯಿಂದ ಸಿಪ್ಪೆ ಸುರುಳಿ ಸುರುಳಿಯಾಗಿ ಎದ್ದು ಬರುವುದನ್ನು ನೋಡುತ್ತ ನಿಂತವನು ಊಟ ಮರೆತ, ಬಸ್ಸು ಮರೆತ. ಹೇಗೋ ಊರಿಗೆ ಹೋಗಿ ಶಾಫ್ಟು ಕೊಟ್ಟು, ಮಾರನೆಯ ಬೆಳಿಗ್ಗೆ ಸಾಹೇಬರು ಶೆಡ್ಡಿನ ಬೀಗ ತೆಗೆಯುವ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದ.

"ಮತ್ತೆ ಮುರೀತೇನಪ್ಪಾ?" ಎಂದರು ಸಾಹೇಬರು.

"ಇಲ್ಲ ಸಾಹೇಬ್ರೇ. ಕೆಲ್ಸ ಕೊಡ್ತೀರಾ ಅಂತ ಕೇಳೋಕೆ ಬಂದೆ."

ಸಾಹೇಬರು ಅವನನ್ನು ಮೇಲಿಂದ ಕೆಳಗೆ ನೋಡಿ, ಮೂಲೆಯಲ್ಲಿದ್ದ ಪೊರಕೆ ತೋರಿಸಿದರು. ಅದು ಅರವತ್ತರ ದಶಕದ ಶುರು. ದಶಕ ಮುಗಿಯುವ ಹೊತ್ತಿಗೆ ಸೊಣ್ಣಪ್ಪ ಆ ಶೆಡ್ಡಿನ ಬಲಗೈ ಆಗಿದ್ದ, ಮದುವೆಯಾಗಿ ಪೇಟೆಯಲ್ಲೇ ಮನೆ ಮಾಡಿದ್ದ.

ಶೆಡ್ಡಿನಲ್ಲಿ ಅಳತೆಯ ಸಾಮಾನು ಅಂತ ಇದ್ದದ್ದು ಕಡಿಮೆ. ಮೊದಲ ಇಂಚು ಪೂರ್ತಿ ಸವೆದುಹೋಗಿದ್ದ ಒಂದು ಉಕ್ಕಿನ ಅಡಿಪಟ್ಟಿ, ಕಾಲು ಸಡಿಲವಾದ ಒಂದು ಕ್ಯಾಲಿಪರ್, ಇವೆರಡಕ್ಕಿಂತ ಹೆಚ್ಚಾಗಿ ಸಾಹೇಬರ ಹೆಬ್ಬೆರಳು. ತಿರುಗುವ ಶಾಫ್ಟಿನ ಮೇಲೆ ಅವರು ಹೆಬ್ಬೆರಳು ಇಟ್ಟು, ಕಣ್ಣು ಮುಚ್ಚಿ, "ಇಲ್ಲಿ ಸ್ವಲ್ಪ ಉಬ್ಬು ಇದೆ ನೋಡು" ಎಂದರೆ ಅಲ್ಲಿ ಉಬ್ಬು ಇದ್ದೇ ಇರುತ್ತಿತ್ತು. ಸೊಣ್ಣಪ್ಪನ ಹೆಬ್ಬೆರಳಿಗೆ ಆ ವಿದ್ಯೆ ಒಲಿಯಲಿಲ್ಲ. ದೊಡ್ಡಬಳ್ಳಾಪುರದಲ್ಲಿ ಆಗ ಬೀದಿಬೀದಿಗೂ ವಿದ್ಯುತ್ ಮಗ್ಗಗಳು ಬರುತ್ತಿದ್ದವು. ಅವುಗಳ ಶಾಫ್ಟು ಒಂದು ಕೂದಲಿನಷ್ಟು ಸೊಟ್ಟಗಿದ್ದರೂ ಮಗ್ಗ ಕುಣಿಯುತ್ತಿತ್ತು, ಮಗ್ಗದ ಮಾಲೀಕ ಅದಕ್ಕಿಂತ ಹೆಚ್ಚು ಕುಣಿಯುತ್ತಿದ್ದ. ಸೊಣ್ಣಪ್ಪನಿಗೆ ಒಂದು ಡಯಲ್ ಗೇಜು ಬೇಕು ಅನ್ನಿಸಿದ್ದು ಆವಾಗ.

ಅದು ಸಿಕ್ಕಿದ್ದು ಬೆಂಗಳೂರಿನ ಗುಜರಿ ಬೀದಿಯಲ್ಲಿ. ನಾದಿನಿಯ ಮದುವೆಗೆ ಸೀರೆ ತರಲೆಂದು ಒಂದು ಭಾನುವಾರ ಗಂಡ ಹೆಂಡಿರು ಚಿಕ್ಕಪೇಟೆಗೆ ಹೋಗಿದ್ದರು. ಸೀರೆ ಕೊಂಡು ಬಸ್ಸಿನ ಕಡೆ ನಡೆಯುವಾಗ, ಹಳೇ ಬೀಗ, ಮುರಿದ ಫ್ಯಾನುಗಳ ರಾಶಿಯ ನಡುವೆ ನೀಲಿ ಮಖಮಲ್ಲಿನ ಒಂದು ಪುಟ್ಟ ಪೆಟ್ಟಿಗೆ ಸೊಣ್ಣಪ್ಪನ ಕಣ್ಣಿಗೆ ಬಿತ್ತು. ಒಳಗೆ ಗಡಿಯಾರದಂಥ ಬಿಳಿ ಮುಖ, ಒಂದೇ ಮುಳ್ಳು, ಕೆಳಗೆ ಒಂದು ಸಣ್ಣ ಉಕ್ಕಿನ ಕಡ್ಡಿ. ಆ ಕಡ್ಡಿಯನ್ನು ಬೆರಳಿನಿಂದ ಕೊಂಚವೇ ಒತ್ತಿದ. ಮುಳ್ಳು ಸರ್ರನೆ ಅರ್ಧ ಸುತ್ತು ಹೋಗಿ ವಾಪಸು ಬಂತು. ತಿರುಗುವ ಶಾಫ್ಟಿಗೆ ಈ ಕಡ್ಡಿಯ ತುದಿ ತಾಗಿಸಿಟ್ಟರೆ ಸಾಕು, ಎಲ್ಲಿ ಸೊಟ್ಟ, ಎಷ್ಟು ಸೊಟ್ಟ ಎಂದು ಮುಳ್ಳೇ ಹೇಳಿಬಿಡುತ್ತದೆ.

"ಯುದ್ಧದ ಕಾಲದ್ದು, ಅಮೆರಿಕದ ಮಾಲು" ಎಂದ ಗುಜರಿಯವನು.

"ಗಂಟೆ ತೋರ್ಸೋಕೆ ಒಂದು, ನಿಮಿಷಕ್ಕೊಂದು ಬೇಡ್ವಾ? ಇದಕ್ಕೆ ಒಂದೇ ಮುಳ್ಳು" ಎಂದಳು ಮುನಿರತ್ನಮ್ಮ.

"ಇದು ಗಂಟೆ ತೋರ್ಸಲ್ಲ ರತ್ನಾ, ತಪ್ಪು ತೋರ್ಸುತ್ತೆ."

"ಅದಕ್ಕೆ ನಾನಿಲ್ವಾ ಮನೇಲಿ?"

ಸೊಣ್ಣಪ್ಪ ಅದನ್ನು ಕೊಂಡೇಬಿಟ್ಟ. ಒಂದೇ ಒಂದು ಕೊರತೆ: ಕಡ್ಡಿಯ ತುದಿಗೆ ತಿರುಪಿ ಕೂರಿಸುವ ಪುಟ್ಟ ಮೂತಿ ಇರಲಿಲ್ಲ. ಶಾಫ್ಟಿಗೆ ತಾಗಬೇಕಾದದ್ದೇ ಅದು. ಅದಿರಬೇಕಾದ ಕಡೆ ಬರೀ ತೂತು, ತೂತಿನ ಒಳಗೆ ಸ್ಕ್ರೂ ಕೂರುವ ಸುರುಳಿ ಗೀರು, ಸಣ್ಣ ಥ್ರೆಡ್ಡು. ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ ಕೇಳಿದಾಗ, ಹೊಸ ಗೇಜಿಗೆ ಹಾಕುವ ಮೂತಿಯೊಂದನ್ನು ಕೊಟ್ಟು, "ಎಲ್ಲಾ ಒಂದೇ ಸೈಜು, ತಗೊಂಡ್ಹೋಗಿ" ಎಂದರು. ಮನೆಗೆ ಬಂದು ಹಾಕಿ ನೋಡಿದರೆ ಅದು ತೂತಿನೊಳಗೆ ಹೋಯಿತು, ಆದರೆ ದೊಡ್ಡ ಚಪ್ಪಲಿಗೆ ಹಾಕಿದ ಸಣ್ಣ ಕಾಲಿನಂತೆ ಆಡುತ್ತಿತ್ತು. ಸೊಣ್ಣಪ್ಪ ಯೋಚಿಸಲಿಲ್ಲ. ಮಗ್ಗದವರ ಹತ್ತಿರ ಒಂದೆಳೆ ರೇಷ್ಮೆ ಇಸಕೊಂಡು ಮೂತಿಯ ಬುಡಕ್ಕೆ ಸುತ್ತಿ ಬಿಗಿಯಾಗಿ ತಿರುಪಿದ. ಕೂತಿತು.

ಮುಂದಿನ ಕೆಲವು ದಿನ ಅವನು ಕೈಗೆ ಸಿಕ್ಕಿದ್ದನ್ನೆಲ್ಲ ಅಳೆದ. ಸೈಕಲ್ಲಿನ ಚಕ್ರ, ಹಿಟ್ಟಿನ ಗಿರಣಿಯ ರಾಟೆ, ಲಟ್ಟಣಿಗೆ ಕೂಡ. ಲಟ್ಟಣಿಗೆ ಸೊಟ್ಟಗಿದೆ ಎಂದು ಗೇಜು ಹೇಳಿದಾಗ ಮುನಿರತ್ನಮ್ಮ ಗೇಜಿನ ಮುಖ ನೋಡಿ, "ಇದಕ್ಕೂ ಅತ್ತೆಮ್ಮನ ಬುದ್ಧಿ ಬಂದಿದೆ" ಎಂದಳು.

ಎಡವಟ್ಟಾಗಿದ್ದು ಗೋಪಾಲಪ್ಪನ ಶಾಫ್ಟಿನಲ್ಲಿ. ಗೋಪಾಲಪ್ಪ ಊರಿನ ಮಗ್ಗದ ಮಾಲೀಕ, ದೊಡ್ಡ ದನಿಯ ಮನುಷ್ಯ. ತುದಿಗೆ ಬುಶ್ ಎಂಬ ಹಿತ್ತಾಳೆ ಬಳೆ ಹಾಕಿಸಲು ಒಂದು ಉದ್ದನೆಯ ಶಾಫ್ಟು ತಂದುಕೊಟ್ಟು ಹೋಗಿದ್ದ. ಅಷ್ಟು ಮಾಡಿ ಕಳಿಸಬಹುದಿತ್ತು. ಸೊಣ್ಣಪ್ಪ, ಹೇಗೂ ಗೇಜು ಇದೆಯಲ್ಲ, ನೆಟ್ಟಗಿದೆಯಾ ನೋಡಿಬಿಡೋಣ ಎಂದು ಅದನ್ನು ಲೇತಿಗೆ ಕಟ್ಟಿ ತಿರುಗಿಸಿದ. ಮುಳ್ಳು ಕಾಲು ಸುತ್ತು ಓಡಾಡಿತು. ಅಯ್ಯೋ, ಇಷ್ಟು ಸೊಟ್ಟ! ತಾಮ್ರದ ಸುತ್ತಿಗೆಯಿಂದ ಒಂದೇಟು ಹಾಕಿದ. ಮುಳ್ಳು ಈಗ ಇನ್ನೊಂದು ಕಡೆಗೆ ಓಡಿತು. ಆ ಕಡೆಯಿಂದ ಒಂದೇಟು. ಮತ್ತೆ ಈ ಕಡೆ. ಸಾಹೇಬರು ಮಧ್ಯಾಹ್ನದ ನಮಾಜು ಮುಗಿಸಿ, ಊಟ ಮಾಡಿ, ಒಂದು ಕಣ್ಣು ನಿದ್ದೆ ತೆಗೆದು ಬರುವ ತನಕವೂ ಸುತ್ತಿಗೆಯ ಸದ್ದು ನಿಂತಿರಲಿಲ್ಲ.

ಸಾಹೇಬರು ಶಾಫ್ಟಿನ ಮೇಲೆ ಹೆಬ್ಬೆರಳು ಇಟ್ಟರು. ಕಣ್ಣು ಮುಚ್ಚುವ ಅಗತ್ಯವೇ ಬೀಳಲಿಲ್ಲ.

"ಅರೇ ಸೊಣ್ಣಪ್ಪಾ, ಇದು ಶಾಫ್ಟಾ, ಕುಡುಗೋಲಾ?"

"ಬಂದಾಗ್ಲೇ ಸೊಟ್ಟ ಇತ್ತು ಸಾಹೇಬ್ರೇ, ಮುಳ್ಳು ಹೇಳ್ತು."

ಸಾಹೇಬರು ಗೇಜಿನ ಮೂತಿಯನ್ನು ಉಗುರಿನಿಂದ ಮೆಲ್ಲಗೆ ಮೀಟಿದರು. ಶಾಫ್ಟು ಸುಮ್ಮನಿತ್ತು, ಮುಳ್ಳು ಮಾತ್ರ ಕುಣಿಯಿತು. ರೇಷ್ಮೆಯ ಎಳೆ ಎಣ್ಣೆ ಕುಡಿದು ಸಡಿಲವಾಗಿತ್ತು. ಆಡುತ್ತಿದ್ದದ್ದು ಶಾಫ್ಟಲ್ಲ, ಮೂತಿ. ನೆಟ್ಟಗಿದ್ದ ಶಾಫ್ಟನ್ನು ಸೊಣ್ಣಪ್ಪ ಇಡೀ ಮಧ್ಯಾಹ್ನ ಕಷ್ಟಪಟ್ಟು ಸೊಟ್ಟ ಮಾಡಿದ್ದ.

ಸಂಜೆ ಗೋಪಾಲಪ್ಪ ಬಂದ. ನಡೆದದ್ದು ಕೇಳಿ ಅವನ ದನಿ ಬಸ್ ಸ್ಟ್ಯಾಂಡಿನವರೆಗೂ ಹೋಯಿತು. "ನೆಟ್ಟಗಿರೋದನ್ನ ಸೊಟ್ಟ ಮಾಡೋಕೆ ಅಮೆರಿಕದಿಂದ ಮಿಷನ್ ತರಿಸಿದ್ದೀಯೇನಯ್ಯ? ನಮ್ಮೂರ ಸುತ್ತಿಗೆ ಸಾಕಾಗಿತ್ತಲ್ಲ!"

ಸಾಹೇಬರು ಅವನಿಗೆ ಹೊಸ ಶಾಫ್ಟು ಕಡೆದುಕೊಟ್ಟು ಚಹಾ ಕುಡಿಸಿ ಕಳಿಸಿದರು. ಸೊಣ್ಣಪ್ಪನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೇ ಅನ್ನಿಸಿತು. ಬದಲಿಗೆ ಅವರು ಬೋಲ್ಟುಗಳ ಡಬ್ಬವನ್ನು ನೆಲಕ್ಕೆ ಸುರಿದು ಪಕ್ಕದಲ್ಲಿ ಕೂರಿಸಿಕೊಂಡರು. ಸ್ಕ್ರೂವಿನ ಥ್ರೆಡ್ಡಿಗೆ ಅವರು ಚೂಡಿ ಎನ್ನುತ್ತಿದ್ದರು, ಬಳೆಗೂ ಅವರ ಮನೆಯಲ್ಲಿ ಅದೇ ಮಾತು.

"ನೋಡು ಭಾಯ್. ಇದು ಇಂಗ್ಲೆಂಡಿನ ಚೂಡಿ. ಇದು ಅಮೆರಿಕದ್ದು. ಈಗ ಸರ್ಕಾರದವರು ತಂದಿರೋ ಮಿಲಿಮೀಟರಿಂದು ಇದು. ದೂರದಿಂದ ನೋಡಿದ್ರೆ ಮೂರೂ ಅಣ್ತಮ್ಮಂದಿರು. ಒಳಗೆ ಕೂರಿಸಿದ್ರೆ ಒಬ್ಬರ ಮುಖ ಒಬ್ಬರು ನೋಡಲ್ಲ. ನಿನ್ನ ಗೇಜು ಅಮೆರಿಕದ್ದು, ಮೂತಿ ಮಿಲಿಮೀಟರಿಂದು. ಸರಿಯಾದ ಚೂಡಿ ಸಿಗೋವರೆಗೂ ಪೆಟ್ಟಿಗೇಲಿ ಇಡು. ದಾರ ಗೀರ ನಕ್ಕೋ, ಬೇಡವೇ ಬೇಡ."

ಮರುದಿನದಿಂದ ಪೇಟೆಯಲ್ಲಿ ಅವನ ಹೆಸರು ಸೊಟ್ಟ ಸೊಣ್ಣಪ್ಪ ಎಂದಾಯಿತು. ಹೇಳಲಿಕ್ಕೂ ಚೆನ್ನಾಗಿತ್ತು, ಹಾಗಾಗಿ ಬೇಗ ಹಬ್ಬಿತು.

ಶೆಡ್ಡಿನ ಲೇತು ಪಟ್ಟಾ ಹಾಕಿ ಓಡಿಸುವ ಹಳೇ ಆನೆ. ಕಡ್ಡಿಪುಡಿಯಷ್ಟು ಸಣ್ಣದನ್ನು ಹಿಡಿದು ಥ್ರೆಡ್ಡು ಕೊರೆಯುವುದು ಅದರ ಕೈಲಿ ಆಗುವ ಕೆಲಸವಲ್ಲ. ಹಾಗಾಗಿ ಸೊಣ್ಣಪ್ಪ ಗೇಜನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಊರೆಲ್ಲ ಸುತ್ತಿದ. ದರ್ಜಿಯ ಹೊಲಿಗೆ ಮಿಷನ್ನಿನ ಸ್ಕ್ರೂ ದಪ್ಪವಾಯಿತು. ಕನ್ನಡಕದ ಸ್ಕ್ರೂ ತೂತಿನಲ್ಲಿ ಬಿದ್ದೇ ಹೋಯಿತು, ತೆಗೆಯಲು ಅರ್ಧ ದಿನ ಬೇಕಾಯಿತು. ಭಜನೆ ಮಂದಿರದ ಹಾರ್ಮೋನಿಯಂ ಬಿಚ್ಚಲು ಹೋಗಿ ಬೈಸಿಕೊಂಡ. ಗಡಿಯಾರ ರಿಪೇರಿಯವನು ತನ್ನ ಡಬ್ಬಿ ತೋರಿಸಿ, "ನಮ್ಮವು ಇದರ ಮೊಮ್ಮಕ್ಕಳು ಕಣಣ್ಣ" ಎಂದು ಕಳಿಸಿದ.

ಅಷ್ಟರಲ್ಲಿ ನಾದಿನಿಯ ಮದುವೆ ಬಂತು. ಮದುವೆ ಹೊಸಕೋಟೆ ಕಡೆಯ ಜಡಿಗೇನಹಳ್ಳಿಯಲ್ಲಿ, ಮುನಿರತ್ನಮ್ಮನ ತವರಿನಲ್ಲಿ. ಮಧ್ಯಾಹ್ನದ ಬಸ್ಸಿಗೆ ಹೊರಡಬೇಕು. ಬೆಳಿಗ್ಗೆ ಆಕೆ ತಲೆಗೆ ನೀರು ಹಾಕಿಕೊಳ್ಳಲು ಹೋಗುವಾಗ ಏಳು ಕಲ್ಲಿನ ಕೆಂಪು ಓಲೆಗಳನ್ನು ಬಿಚ್ಚಿ ಗೋಡೆಯ ಗೂಡಿನಲ್ಲಿ ಇಟ್ಟಳು. ಚಾಪೆಯ ಮೇಲೆ ಕೂತಿದ್ದ ಸೊಣ್ಣಪ್ಪ ತಲೆಯೆತ್ತಿ ನೋಡಿದ. ಓಲೆಯ ಹಿಂದಿನ ಕಡ್ಡಿಯ ಮೇಲೆ ಸುತ್ತು ಸುತ್ತಾಗಿ ಸಣ್ಣ ಥ್ರೆಡ್ಡು. ಕಿವಿಯ ಹಿಂದಿನಿಂದ ತಿರುಪು ಹಾಕಿ ಬಿಗಿಯುವುದು ಅದರ ಮೇಲೆಯೇ. ಇಷ್ಟು ವರ್ಷ ದಿನಾ ಕಾಣುತ್ತಿದ್ದದ್ದು ಈಗ ಕಣ್ಣಿಗೆ ಬಿತ್ತು.

ಬಚ್ಚಲಿನಲ್ಲಿ ನೀರಿನ ಸದ್ದು ಕೇಳುತ್ತಿತ್ತು. ಅವನು ಮೆಲ್ಲಗೆ ಎದ್ದು, ಒಂದು ಓಲೆ ತೆಗೆದು, ಗೇಜಿನ ತೂತಿಗೆ ಇಟ್ಟು ತಿರುಪಿದ. ಒಂದು ಸುತ್ತು ಹೋಯಿತು. ಇನ್ನೊಂದು ಸುತ್ತು. ಆಮೇಲೆ ನಿಂತಿತು. ವಾಪಸು ತಿರುಪಿದ, ಬರಲಿಲ್ಲ. ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಚಿನ್ನ ಮೆತ್ತಗಿನದು, ಗೇಜಿನ ಉಕ್ಕಿನ ಹಲ್ಲು ಅದನ್ನು ಕಚ್ಚಿಕೊಂಡುಬಿಟ್ಟಿತ್ತು.

"ಏನೂಂದ್ರೆ, ಗೂಡಲ್ಲಿ ಎರಡು ಇಟ್ಟಿದ್ದೆ. ಒಂದೇ ಇದೆಯಲ್ಲ?" ಎಂದಳು ಸ್ನಾನ ಮುಗಿಸಿ ಬಂದ ಮುನಿರತ್ನಮ್ಮ.

"ಇನ್ನೊಂದೂ ಇದೆ. ಎಲ್ಲೂ ಹೋಗಿಲ್ಲ."

"ಎಲ್ಲಿದೆ?"

ಸೊಣ್ಣಪ್ಪ ಬೆನ್ನ ಹಿಂದಿನಿಂದ ಗೇಜು ತೆಗೆದು ತೋರಿಸಿದ. ಅದರ ಬುಡದಲ್ಲಿ ಏಳು ಕೆಂಪು ಕಲ್ಲುಗಳು ಮಿನುಗುತ್ತಿದ್ದವು. ಮುನಿರತ್ನಮ್ಮ ಒದ್ದೆ ಕೂದಲಿಗೆ ಸುತ್ತಿದ್ದ ಬಟ್ಟೆಯನ್ನು ಹಿಡಿದುಕೊಂಡು ಬಗ್ಗಿ ನೋಡಿದಳು.

"ಅದಕ್ಕೂ ಕಿವಿ ಚುಚ್ಚಿಸಿದ್ರಾ?" ಎಂದಳು. ದನಿ ಶಾಂತವಾಗಿತ್ತು, ಅದೇ ಭಯ ಹುಟ್ಟಿಸುವಂತಿತ್ತು.

ಇಬ್ಬರೂ ಓಡಿದ್ದು ಪೇಟೆ ಬೀದಿಯ ಅಕ್ಕಸಾಲಿಗ ಮೌನಾಚಾರರ ಮನೆಗೆ. ಆಚಾರರು ವಯಸ್ಸಾದವರು, ಹಣೆಗೆ ವಿಭೂತಿ, ಕಣ್ಣಿಗೆ ದಾರ ಕಟ್ಟಿದ ಕನ್ನಡಕ. ಗೇಜನ್ನು ತಿರುವಿ ತಿರುವಿ ನೋಡಿ ನಕ್ಕರು. "ನಮ್ ತಾತನ ಕಾಲದಿಂದ್ಲೂ ಓಲೆ ಕಿವಿಗೆ ಹಾಕ್ಕೊಂಡು ಬಂದ್ವು. ಗಡಿಯಾರಕ್ಕೆ ಹಾಕೋ ಪದ್ಧತಿ ಯಾವಾಗಿಂದ ಶುರುವಾಯ್ತಪ್ಪ?"

ಬೆಂಕಿ ತೋರಿಸಿದರೆ ಗೇಜು ಕೆಡುತ್ತದೆ ಎಂದು ಸೊಣ್ಣಪ್ಪ ಅಂಗಲಾಚಿದ. ಆಚಾರರು ಒಂದು ಹನಿ ಹರಳೆಣ್ಣೆ ಬಿಟ್ಟು, ಎಲೆಯಡಿಕೆ ಹಾಕಿಕೊಂಡು ಮುಗಿಯುವ ತನಕ ಕಾದು, ಮರದ ಇಕ್ಕಳದಲ್ಲಿ ಓಲೆ ಹಿಡಿದು ಹಿಂದೆ ಮುಂದೆ ಆಡಿಸಿ ಆಡಿಸಿ ಬಿಡಿಸಿದರು. ಓಲೆ ಬಂತು, ಕಡ್ಡಿಯ ಥ್ರೆಡ್ಡು ನುಜ್ಜಾಗಿತ್ತು.

"ಹೊಸ ಕಡ್ಡಿ ಬೆಸೀಬೇಕು. ನಾಲ್ಕು ದಿನ ಬಿಟ್ಟು ಬನ್ನಿ."

ಮುನಿರತ್ನಮ್ಮನ ಕಣ್ಣು ತುಂಬಿತು. ತಂಗಿಯ ಮದುವೆಗೆ ಬೋಳುಗಿವಿಯಲ್ಲಿ ಹೋಗುವುದು ಹೇಗೆ? ಒಳಗಿನಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದ ಆಚಾರರ ಹೆಂಡತಿ ರುಕ್ಮಿಣಮ್ಮ ಹೊರಗೆ ಬಂದವರೇ ತಮ್ಮ ಕಿವಿಯಿಂದ ಓಲೆ ಬಿಚ್ಚಿದರು. ಬಿಳಿ ಕಲ್ಲಿನ ದೊಡ್ಡ ಓಲೆ, ಕೆಳಗೆ ಜುಮುಕಿ.

"ತಗೋಳಮ್ಮ. ಈ ಮನೇಲಿರೋ ಚಿನ್ನವೆಲ್ಲ ಕಂಡೋರದ್ದು. ಇದೊಂದು ಜೊತೆ ಮಾತ್ರ ನಂದು. ಮದುವೆ ನೋಡ್ಕೊಂಡು ಬರ್ಲಿ ಅದೂನೂ."

ಜಡಿಗೇನಹಳ್ಳಿಯಲ್ಲಿ ಆ ಓಲೆ ಮದುಮಗಳಿಗಿಂತ ಹೆಚ್ಚು ಮಾತಿಗೆ ಸಿಕ್ಕಿತು. ಹೆಂಗಸರು ಮುನಿರತ್ನಮ್ಮನ ಮುಖವನ್ನು ಅತ್ತ ಇತ್ತ ತಿರುಗಿಸಿ ನೋಡಿದರು. ಯಾವಾಗ ಮಾಡಿಸಿದ್ದು ಎಂದರೆ ಆಕೆ ಸುಮ್ಮನೆ ನಕ್ಕಳು. ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. ಇತ್ತ ಸೊಣ್ಣಪ್ಪನ ಪಾಡೇ ಬೇರೆ. ಚಪ್ಪರದಲ್ಲಿ ಎಲ್ಲಿ ನೋಡಿದರೂ ಅವನಿಗೆ ಕಿವಿಗಳೇ. ವೀಳ್ಯ ಕೊಡುವ ನೆಪದಲ್ಲಿ ಬಗ್ಗಿ, ಒಬ್ಬೊಬ್ಬರ ಕಿವಿಯ ಹಿಂದೆ ಇಣುಕುತ್ತಿದ್ದ. ಹೆಂಡತಿಯ ಸೋದರತ್ತೆ ದ್ಯಾವಮ್ಮ ಅವನನ್ನು ಹಿಡಿದೇಬಿಟ್ಟಳು.

"ಏನ್ ಅಳಿಯಂದ್ರೇ, ನನ್ ಕಿವಿ ಹಿಂದೆ ಏನ್ ಬೆಳೆದಿದೆ?"

"ನಿಮ್ ಓಲೆ ಕಡ್ಡಿ ಎಷ್ಟು ದಪ್ಪ ಅಂತ ನೋಡ್ತಿದ್ದೆ ಅತ್ತೆ" ಎಂದ ಸೊಣ್ಣಪ್ಪ, ಬೇರೆ ಏನೂ ತೋಚದೆ.

ದ್ಯಾವಮ್ಮ ಒಂದು ಕ್ಷಣ ಕಣ್ಣು ಕಿರಿದು ಮಾಡಿದಳು. ಆಮೇಲೆ ಮುಖ ಅರಳಿತು. "ಅಯ್ಯೋ! ರತ್ನಿಗೆ ಇನ್ನೊಂದು ಜೊತೆ ಮಾಡಿಸ್ತಾನಂತೆ ಕಣ್ರೇ!" ಎಂದು ಚಪ್ಪರಕ್ಕೆಲ್ಲ ಕೇಳುವಂತೆ ಕೂಗಿದಳು. ಊಟದ ಹೊತ್ತಿಗೆ ಮಾವ ಅವನನ್ನು ಮೊದಲ ಪಂಕ್ತಿಯಲ್ಲಿ, ಬೀಗರ ಪಕ್ಕದಲ್ಲಿ ಕೂರಿಸಿ, ಬೇಡ ಬೇಡವೆಂದರೂ ಒಬ್ಬಟ್ಟಿನ ಮೇಲೆ ಒಬ್ಬಟ್ಟು ಬಡಿಸಿದರು.

ಒಬ್ಬಟ್ಟು ತಿನ್ನುತ್ತಿದ್ದವನ ತಲೆಯಲ್ಲಿ ಮಾತ್ರ ಬೇರೇನೋ ತಿರುಗುತ್ತಿತ್ತು. ಅಷ್ಟು ಕಿವಿ ನೋಡಿದನಲ್ಲ, ಒಬ್ಬರ ಕಡ್ಡಿಯ ದಪ್ಪ ಇನ್ನೊಬ್ಬರದಕ್ಕೆ ಇರಲಿಲ್ಲ. ಒಂದು ತೆಳು, ಒಂದು ದಪ್ಪ, ಒಂದರ ಸುತ್ತು ಒತ್ತೊತ್ತು, ಇನ್ನೊಂದರದು ಬಿಡಿಬಿಡಿ. ಹಾಗಾದರೆ ಇವನ್ನೆಲ್ಲ ಕೊರೆಯುವ ಅಕ್ಕಸಾಲಿಗನ ಹತ್ತಿರ ಎಷ್ಟು ಅಳತೆಯ ಅಚ್ಚುಗಳಿರಬೇಕು! ಆಚಾರರ ಮನೆಯಲ್ಲಿ ಅಂದು ನಾಚಿಕೆಯಿಂದ ತಲೆ ತಗ್ಗಿಸಿ ಕೂತಿದ್ದವನು ಅವರ ಸಾಮಾನಿನ ಪೆಟ್ಟಿಗೆಯ ಕಡೆ ನೋಡಿರಲೇ ಇಲ್ಲ.

ಊರಿಗೆ ಬಂದವನೇ ಹೆಂಡತಿಯ ಬೆಸೆದ ಓಲೆ ತರುವ, ರುಕ್ಮಿಣಮ್ಮನವರ ಓಲೆ ಹಿಂದಿರುಗಿಸುವ ನೆಪದಲ್ಲಿ ಆಚಾರರ ಮುಂದೆ ಕೂತ. "ಆಚಾರ್ರೇ, ಓಲೆ ಕಡ್ಡಿಗೆ ಸುತ್ತು ಹೆಂಗೆ ಹಾಕ್ತೀರಿ? ಒಂದ್ಸಲ ತೋರಿಸ್ತೀರಾ?"

ಆಚಾರರು ಪೆಟ್ಟಿಗೆಯಿಂದ ಅಂಗೈಯುದ್ದದ ಒಂದು ಉಕ್ಕಿನ ಪಟ್ಟಿ ತೆಗೆದರು. ಅದರ ಮೈತುಂಬ ತೂತುಗಳು, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ. ಪ್ರತಿ ತೂತಿನ ಒಳಗೂ ಹಲ್ಲು. ಚಿನ್ನದ ತಂತಿಯನ್ನು ಅದರೊಳಗೆ ತಿರುಪಿದರೆ ಆ ಕಡೆಯಿಂದ ಥ್ರೆಡ್ಡು ಹೊತ್ತುಕೊಂಡು ಹೊರಬರುತ್ತಿತ್ತು. ಸೊಣ್ಣಪ್ಪ ಆ ಪಟ್ಟಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು, ಬಹಳ ಹೊತ್ತು ವಾಪಸು ಕೊಡಲಿಲ್ಲ.

"ಇದ್ರಲ್ಲಿ ಉಕ್ಕಿನ ಕಡ್ಡಿ ಹಾಕ್ಬೋದಾ?"

"ಉಕ್ಕು ಹಾಕಿದ್ರೆ ಇದರ ಹಲ್ಲು ಉದುರ್ತವೆ, ಆಮೇಲೆ ನಿನ್ನವನ್ನ ನಾನು ಉದುರಿಸ್ತೀನಿ. ಹಿತ್ತಾಳೆ ಆದ್ರೆ ತಗೊಂಡ್ ಬಾ, ನೋಡಾಣ."

ಮೊದಲು ಗೇಜಿನ ತೂತಿನ ಒಳಗೆ ಏನಿದೆ ಎಂದು ತಿಳಿಯಬೇಕಿತ್ತು. ಅಷ್ಟು ಸಣ್ಣ ತೂತಿಗೆ ಕಣ್ಣು ಇಳಿಯುವುದಿಲ್ಲ. ಆಚಾರರು ಜೇನುಮೇಣವನ್ನು ಬೆರಳಲ್ಲಿ ನಾದಿ, ದಾರದಂತೆ ಹೊಸೆದು, ತೂತಿಗೆ ಒತ್ತಿ ತುಂಬಿದರು. ಅದು ಗಟ್ಟಿಯಾದ ಮೇಲೆ ಮೆಲ್ಲಗೆ ತಿರುಪಿ ಹೊರತೆಗೆದರು. ಮೇಣದ ಮೇಲೆ ಗೇಜಿನ ಥ್ರೆಡ್ಡಿನ ಅಚ್ಚು ಚೊಕ್ಕವಾಗಿ ಮೂಡಿತ್ತು. ಭೂತಗನ್ನಡಿ ಹಿಡಿದು ಅದನ್ನು ಪಟ್ಟಿಯ ಒಂದೊಂದು ತೂತಿನಲ್ಲಿ ಬಂದ ಕಡ್ಡಿಯ ಪಕ್ಕ ಇಟ್ಟು ನೋಡಿದರು. ಒಂದು ತೂತಿನದು ಸುತ್ತಿಗೆ ಸುತ್ತು ಸರಿಹೋಯಿತು, ಮೈ ಮಾತ್ರ ದಪ್ಪವಾಯಿತು. ಅದರ ಪಕ್ಕದ್ದು ಮೈ ಸರಿ, ಸುತ್ತು ಬೇರೆ.

"ಸುತ್ತು ಸರಿ ಇರೋದನ್ನೇ ಹಿಡ್ಕೊಳ್ಳೋಣ. ಮೈ ಇಳಿಸ್ಬೋದು, ಸುತ್ತು ಬದಲಾಯಿಸೋಕಾಗಲ್ಲ" ಎಂದರು ಆಚಾರರು.

ದಪ್ಪನೆಯ ಹಿತ್ತಾಳೆ ಕಡ್ಡಿಗೆ ಥ್ರೆಡ್ಡು ಹಾಕಿ, ಇದ್ದಿಲ ಪುಡಿಯನ್ನು ಎಣ್ಣೆಯಲ್ಲಿ ಕಲಸಿ, ಚರ್ಮದ ತುಂಡಿನಲ್ಲಿ ಹಚ್ಚಿ ಉಜ್ಜತೊಡಗಿದರು. ಉಜ್ಜುವುದು, ಹಾಕಿ ನೋಡುವುದು, ತೆಗೆದು ಮತ್ತೆ ಉಜ್ಜುವುದು. ಸೊಣ್ಣಪ್ಪನ ಅವಸರ ಅಲ್ಲಿ ನಡೆಯಲಿಲ್ಲ. ಅವನು ಒಂದು ಸಲ ಒತ್ತಿ ತಿರುಪಲು ಹೋದಾಗ ಆಚಾರರು ಕೈಗೆ ಹೊಡೆದರು. "ಕಿವಿ ಅನ್ಕೋ. ಮಗೂಂದು ಕಿವಿ. ಅಳಬಾರ್ದು." ದಿನಾ ಶೆಡ್ಡಿನ ಕೆಲಸ ಮುಗಿಸಿ ಬಂದು ಅವನು ಜಗುಲಿಯಲ್ಲಿ ಕೂತು ಉಜ್ಜಿದ. ಆ ವಾರ ಮುಗಿಯುವ ಮುಂಚೆ ಒಂದು ಸಂಜೆ ಹಿತ್ತಾಳೆಯ ಮೂತಿ ಸದ್ದಿಲ್ಲದೆ ಒಳ ಹೋಗಿ ಕೂತಿತು. ಉಗುರಿನಿಂದ ಮೀಟಿದರೆ ಮುಳ್ಳು ಅಲ್ಲಾಡಲಿಲ್ಲ.

ಮಾರನೆಯ ದಿನ ಸಾಹೇಬರು ಅದನ್ನು ನೋಡಿ ತಲೆದೂಗಿದರು, ಆಮೇಲೆ ತಲೆ ಕೆರೆದುಕೊಂಡರು. "ಚೂಡಿ ಸರಿಯಾಯ್ತು. ಆದ್ರೆ ಹಿತ್ತಾಳೆ ಮೆತ್ತಗಿರುತ್ತೆ ಭಾಯ್. ದಿನಾ ಶಾಫ್ಟಿಗೆ ಉಜ್ಜಿದ್ರೆ ಸವೆದು ಹೋಗುತ್ತೆ." ಹೀಗೆಂದವರೇ ಸೈಕಲ್ ಪೆಡಲಿನ ಹಳೇ ಬಾಲ್ಸ್ ಇಟ್ಟ ತಟ್ಟೆಯಲ್ಲಿ ಕೈಯಾಡಿಸಿ, ಎಲ್ಲಕ್ಕಿಂತ ಸಣ್ಣದೊಂದು ಉಕ್ಕಿನ ಗುಂಡು ಆರಿಸಿದರು. ಮೂತಿಯ ತುದಿಯಲ್ಲಿ ಬಟ್ಟಲಿನಂತೆ ಕೊರೆದು, ಗುಂಡನ್ನು ಅದರಲ್ಲಿ ಕೂರಿಸಿ, ಸುತ್ತಲಿನ ಹಿತ್ತಾಳೆಯನ್ನು ಮೆಲ್ಲಗೆ ತಟ್ಟಿ ಮುಚ್ಚಿದರು. ಈಗ ಶಾಫ್ಟಿಗೆ ತಾಗುವುದು ಉಕ್ಕು, ಗೇಜಿಗೆ ಕೂರುವುದು ಹಿತ್ತಾಳೆ.

ಮೊದಲ ಪರೀಕ್ಷೆಗೆ ಸೊಣ್ಣಪ್ಪ ತಾನೇ ಹೋಗಿ ಗೋಪಾಲಪ್ಪನನ್ನು ಕರೆತಂದ. ಸಾಹೇಬರು ಅವನಿಗೆ ಕಡೆದುಕೊಟ್ಟ ಹೊಸ ಶಾಫ್ಟನ್ನೇ ಮಗ್ಗದಿಂದ ಬಿಚ್ಚಿಸಿ ತರಿಸಿದ್ದ. ಗೋಪಾಲಪ್ಪ ಸ್ಟೂಲಿನ ಮೇಲೆ ಕೂತು, ಸುತ್ತಿಗೆ ಸೊಣ್ಣಪ್ಪನ ಕೈಗೆ ಸಿಗದಷ್ಟು ದೂರದಲ್ಲಿ, ತನ್ನ ಕಣ್ಣೆದುರೇ ಇರಲಿ ಎಂದು ಮೊದಲೇ ಕರಾರು ಹಾಕಿದ. ಶಾಫ್ಟು ನಿಧಾನವಾಗಿ ತಿರುಗಿತು. ಮುಳ್ಳು ಒಂದು ಗೆರೆಯ ಮೇಲೆ ನಿಂತದ್ದು ನಿಂತೇ ಇತ್ತು. ಪೂರ್ತಿ ಒಂದು ಸುತ್ತು ಮುಗಿಯಿತು. ಅವನಿಗೆ ಕುಣಿಯುವಷ್ಟು ಖುಷಿ.

"ಇದೇನಯ್ಯ" ಎಂದ ಗೋಪಾಲಪ್ಪ, "ಹೋದ್ಸಲ ಮುಳ್ಳು ಅಷ್ಟು ಓಡಾಡ್ತಿತ್ತಂತೆ, ಈಗ ಅಲ್ಲಾಡ್ತಾನೇ ಇಲ್ಲ. ಕೆಟ್ಟೋಯ್ತಾ?"

ಸಾಹೇಬರು ನಗುತ್ತ ನಗುತ್ತ ಕೆಮ್ಮಿದರು. ಒಂದು ತುಂಡು ಕಾಗದವನ್ನು ಶಾಫ್ಟಿಗೆ ಅಂಟಿಸಿ ಮತ್ತೆ ತಿರುಗಿಸಿದರು. ಕಾಗದದ ಅಂಚು ಬಂದಾಗ ಮುಳ್ಳು ಟಕ್ಕನೆ ಜಿಗಿಯಿತು. ಗೋಪಾಲಪ್ಪ ಕಾಗದ ಕಿತ್ತು, ಮತ್ತೆ ಅಂಟಿಸಿ, ತಾನೇ ಕೈಯಿಂದ ತಿರುಗಿಸಿ ನೋಡಿದ. ಆಮೇಲೆ ಮನೆಯಲ್ಲಿದ್ದ ಎಲ್ಲ ಶಾಫ್ಟುಗಳನ್ನೂ ಒಂದೊಂದಾಗಿ ಹೊರಿಸಿಕೊಂಡು ಬಂದ. ಅವುಗಳಲ್ಲಿ ನಿಜವಾಗಿ ಸೊಟ್ಟಗಿದ್ದವು ಬೇಕಾದಷ್ಟಿದ್ದವು.

ಎಪ್ಪತ್ತರ ನಂತರ ಬೆಂಗಳೂರಿನ ಸುತ್ತ ಸಣ್ಣ ಸಣ್ಣ ವರ್ಕ್‌ಶಾಪುಗಳು ಹೆಚ್ಚಾದವು. ಹೊಸ ಅಳತೆಯ ಸಾಮಾನು ಕೊಳ್ಳುವುದು ಎಲ್ಲರ ಕೈಲಿ ಆಗುತ್ತಿರಲಿಲ್ಲ. ಹರಾಜಿನಲ್ಲಿ, ಗುಜರಿಯಲ್ಲಿ ಸಿಕ್ಕ ಹಳೆಯದನ್ನೇ ತರುತ್ತಿದ್ದರು. ಒಂದಕ್ಕೆ ಬಿಗಿಯುವ ಸ್ಕ್ರೂ ಇರುವುದಿಲ್ಲ, ಇನ್ನೊಂದಕ್ಕೆ ಯಾರೋ ಸೈಕಲ್ಲಿನ ಸ್ಕ್ರೂ ತುರುಕಿ ಒಳಗಿನ ಥ್ರೆಡ್ಡು ಕೆಡಿಸಿರುತ್ತಾರೆ. ದೊಡ್ಡಬಳ್ಳಾಪುರದಲ್ಲಿ ಒಬ್ಬ ಇಂಥದ್ದನ್ನು ಸರಿಮಾಡುತ್ತಾನೆ ಎಂಬ ಸುದ್ದಿ ಹೇಗೋ ಹರಡಿತು. ನೆಲಮಂಗಲದಿಂದ ಬಂದರು, ದಾಬಸ್‌ಪೇಟೆ ಕಡೆಯಿಂದ ಬಂದರು. ಶೆಡ್ಡಿನ ಕೆಲಸ ಮುಗಿದ ಮೇಲೆ ಆಚಾರರ ಜಗುಲಿಯಲ್ಲಿ ಇಬ್ಬರೂ ಕೂರುವುದು ರೂಢಿಯಾಯಿತು. ಬಂದವರನ್ನು ಸೊಣ್ಣಪ್ಪ ಮೊದಲು ಕೇಳುತ್ತಿದ್ದದ್ದು "ಯಾವ ದೇಶದ್ದು?" ಎಂದು. ಗೊತ್ತಿಲ್ಲ ಎಂದರೆ ಆಚಾರರು ಮೇಣ ನಾದಲು ಶುರು ಮಾಡುತ್ತಿದ್ದರು. ಇಂಗ್ಲೆಂಡಿನ ಅಳತೆಗೋಲಿಗೆ ಮಿಲಿಮೀಟರಿನ ಸ್ಕ್ರೂ ಬಲವಂತದಿಂದ ಹೋಗಿದ್ದರೆ ಅದನ್ನು ಬಿಡಿಸುವುದರಲ್ಲಿ ಸೊಣ್ಣಪ್ಪನಿಗೆ ಒಂಥರಾ ಸುಖ. ಅವನ ಹೊಸ ಹೆಸರು ತಿರುಪಿನ ಸೊಣ್ಣಪ್ಪ. ಹಳೇ ಹೆಸರು ಗೋಪಾಲಪ್ಪನ ಬಾಯಲ್ಲಿ ಮಾತ್ರ ಉಳಿಯಿತು.

ಎಪ್ಪತ್ನಾಲ್ಕರಲ್ಲೋ ಎಪ್ಪತ್ತೈದರಲ್ಲೋ ಸಾಹೇಬರ ಅಣ್ಣನ ಮಗ ಅನೀಸ್ ಅಹಮದ್ ಶೆಡ್ಡಿನ ಎದುರಿಗೆ ರೇಡಿಯೋ ರಿಪೇರಿ ಅಂಗಡಿ ಇಟ್ಟ. ಒಂದು ಮಧ್ಯಾಹ್ನ ಸೊಣ್ಣಪ್ಪ ಅಲ್ಲಿ ಚಹಾ ಕುಡಿಯುತ್ತ ಕೂತಿದ್ದ. ಅನೀಸ್ ಇಂಗ್ಲೆಂಡಿನ ಒಂದು ಹಳೇ ರೇಡಿಯೋ ಬಿಚ್ಚಿ ಅದರ ಹಿತ್ತಾಳೆ ಸ್ಕ್ರೂಗಳನ್ನು ಬೀಡಿ ಡಬ್ಬಿಗೆ ಹಾಕುತ್ತಿದ್ದ. ಸೊಣ್ಣಪ್ಪನ ಕೈ ಸುಮ್ಮನಿರಲಿಲ್ಲ. ಒಂದು ಸ್ಕ್ರೂ ಎತ್ತಿಕೊಂಡ, ಜೇಬಿನಿಂದ ಗೇಜು ತೆಗೆದ, ಮೂತಿ ಬಿಚ್ಚಿ, ಸ್ಕ್ರೂ ಇಟ್ಟು ತಿರುಪಿದ.

ಅದು ಬೆಣ್ಣೆಯಲ್ಲಿ ಇಳಿದಂತೆ ಇಳಿದು ಕೊನೆಯತನಕ ಹೋಗಿ ಕೂತಿತು. ಆಡಲಿಲ್ಲ, ಹಿಡಿಯಲಿಲ್ಲ. ದೇಶ ಬೇರೆಯಾದರೂ ಈ ಒಂದು ಸಣ್ಣ ಅಳತೆಯಲ್ಲಿ ಮಾತ್ರ ಇಂಗ್ಲೆಂಡಿನ ಚೂಡಿ ಅಮೆರಿಕದ್ದಕ್ಕೆ ಹೊಂದಿಬಿಟ್ಟಿತ್ತು.

"ಯಾಕೆ ಚಾಚಾ, ಚಹಾ ಬಿಸಿಯಾಯ್ತಾ?" ಎಂದ ಅನೀಸ್, ಅವನ ಮುಖ ನೋಡಿ.

"ಈ ಸ್ಕ್ರೂ ಎಲ್ಲೆಲ್ಲಿ ಇರ್ತದೆ?"

"ಇದಾ? ಹಳೇ ರೇಡಿಯೋ ಎಲ್ಲದ್ರಲ್ಲೂ. ಬೇಕಾದಷ್ಟು ಬಿದ್ದಿವೆ, ತಿಪ್ಪೆಗೆ ಎಸೀತೀನಿ."

ಸೊಣ್ಣಪ್ಪ ಲೋಟ ಕೆಳಗಿಟ್ಟು, ಸ್ಕ್ರೂ ಹಾಕಿದ ಗೇಜನ್ನು ಹಾಗೇ ಹಿಡಿದುಕೊಂಡು ಪೇಟೆ ಬೀದಿಗೆ ನಡೆದ. ಆಚಾರರು ಅದನ್ನು ತಿರುಪಿ ನೋಡಿದರು, ಬಿಚ್ಚಿ ನೋಡಿದರು, ಭೂತಗನ್ನಡಿ ಹಾಕಿ ನೋಡಿದರು.

"ಲೇ ಸೊಣ್ಣಪ್ಪ, ಆ ವಾರವೆಲ್ಲ ಕೂತು ಉಜ್ಜಿದ್ವಲ್ಲೋ!"

"ಉಜ್ಜಿದ್ವಿ ಆಚಾರ್ರೇ."

"ನಮ್ ಎದುರು ಮನೆಯೋರ ರೇಡಿಯೋ ಬಿಚ್ಚಿದ್ರೆ ಅವತ್ತೇ ಸಿಕ್ತಿತ್ತು."

"ಸಿಕ್ತಿತ್ತು. ಆಗ ಅದು ಚೆನ್ನಾಗಿ ಹಾಡ್ತಿತ್ತು, ಯಾರು ಬಿಚ್ಚೋಕೆ ಬಿಡೋರು?"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಒಳಗಿನಿಂದ ಬಂದು ಏನಾಯಿತೆಂದು ಕೇಳಿದ ರುಕ್ಮಿಣಮ್ಮನಿಗೆ ಸೊಣ್ಣಪ್ಪ ಆ ಸ್ಕ್ರೂ ಎತ್ತಿ ತೋರಿಸಿದ. ಕೊನೆಗೆ ಆಚಾರರು ಕಣ್ಣು ಒರೆಸಿಕೊಂಡು, ಕೋಟು ಹಾಕಿಕೊಂಡು, ಚಪ್ಪಲಿ ಮೆಟ್ಟಿದರು.

"ನಡಿ, ಅವನು ತಿಪ್ಪೆಗೆ ಎಸೆಯೋ ಮುಂಚೆ ಹೋಗೋಣ. ಈ ಅಳತೇಂದು ಇನ್ನೂ ಎಷ್ಟು ಗೇಜು ಬರ್ತವೋ. ಈ ವಯಸ್ಸಲ್ಲಿ ನಂಗೆ ಮತ್ತೆ ಉಜ್ಜೋಕಾಗಲ್ಲ."

ಅನೀಸ್ ಬೀಡಿ ಡಬ್ಬಿಯ ಜೊತೆಗೆ ಮೂಲೆಯಲ್ಲಿದ್ದ ಎರಡು ಸತ್ತ ರೇಡಿಯೋಗಳನ್ನೂ ಕೊಟ್ಟ. ಒಂದನ್ನು ಸೊಣ್ಣಪ್ಪ ಹೆಗಲ ಮೇಲೆ ಹೊತ್ತ, ಇನ್ನೊಂದನ್ನು ಆಚಾರರು ಎದೆಗೆ ಅವುಚಿಕೊಂಡರು. ಪೇಟೆ ಬೀದಿಯಲ್ಲಿ ನಡೆದು ಬರುವಾಗ ಗೋಪಾಲಪ್ಪ ಮಗ್ಗದ ಮನೆಯ ಬಾಗಿಲಲ್ಲಿ ನಿಂತಿದ್ದ.

"ಎಲ್ಲಿಗಯ್ಯ, ಇಬ್ರೂ ರೇಡಿಯೋ ಹೊತ್ಕೊಂಡು? ಹಾಡು ಕೇಳೋಕಾ?"

"ಇಲ್ಲಣ್ಣ" ಎಂದ ಸೊಣ್ಣಪ್ಪ ನಿಲ್ಲದೆ, "ಸ್ಕ್ರೂ ಬಿಚ್ಚೋಕೆ."